ಕೊಸರು

ಉಣಕಲ್ ಕೆರಿ ಕಡೆ ಮುಖ ಮಾಡಿದ ಖೋಲಿ ಹನ್ನೊಂದು,
ಜನರೇಟರ್ ಕಡೆ ಮುಖ ಮಾಡಿದ್ದು ನಲವತ್ತು.
ಈ ಲೆಕ್ಕ ಗೊತ್ತಿರೂದು ಕಂಪ್ಯೂಟರಿಗೆ, ಮತ್ತ ನನಗ.
ಕರೆ ಕೋಟು, ಎದಿ ಮ್ಯಾಲ ಹಿತ್ತಾಳಿ ಬಿಲ್ಲೆ: ಶಕುಂತಲಾ ಮುಳಗುಂದ.
ನಗಿ ಸಂಬಳದಾಗ ಸೇರೇತಿ.

ಬರತಾರ,
ವಿಮಾನ ಇಳದು, ಗೋಕುಲ ರೋಡಿನ ಧೂಳಿಗೆ ಮೂಗು ಮುಚ್ಚಿಗೊಂಡು.
ಬಿಲ್ಲೆ ಓದಿ 'ಶಕುಂತಲಾ ಅವರ, ಎಷ್ಟ ಛಂದ ಹೆಸರ್ರೀ' ಅಂತಾರ,
ಅಂದ್ರ ಕೆರಿ ಬೇಕಂತ ಅರ್ಥ.
ಒಬ್ಬಾಂವ ಬಂಗಾರ ಬಣ್ಣದ ಕಾರ್ಡು ಇಡತಾನ ಕೌಂಟರ್ ಮ್ಯಾಲ
ಇಸ್ಪೀಟಿನ ಎಕ್ಕಾ ಒಗದಂಗ.
ಒಬ್ಬಾಂವಂದು ವರ್ಷಕ್ಕ ನಾಕ ಸಲ ಮದುವಿ ವಾರ್ಷಿಕೋತ್ಸವ.
ನಾಕೂ ಸಲ ನಾವ ಕೇಕು ಕಳಸತೇವಿ,
ನಾಕೂ ಸಲ ಹೆಣ್ತಿ ಪಾಪ ನಾಚತಾಳ.
ಫೇಡೆ ತಂದವರಿಗೆ ದೊಡ್ಡ ಖೋಲಿ ಕೊಡಬಾರದಂತ ನಿಯಮ ಐತಿ.
ಫೇಡೆ ಮುಗದ ಮ್ಯಾಲ ನಿಯಮ ಓದತೇವಿ.

ಬೀಜದ ಕಂಪನಿ ಕುಬಸದ ಸಾಹೇಬ್ರು ಶಾಣ್ಯಾರು.
ಮಧ್ಯಾಹ್ನ ಬರಂಗಿಲ್ಲ.
ಸಂಜಿ ಏಳರ ಮ್ಯಾಲ, ಯಾವ್ಯಾವು ಖಾಲಿ ಉಳದಾವು
ಅಂತ ನನಗ ಖಾತ್ರಿ ಆದಾಗ ಬರತಾರ.
'ಏನರ ಇದ್ರ ನೋಡವಾ', ಅಷ್ಟ.
ಹಂಗಂದು ಗೋಡಿ ಮ್ಯಾಲಿನ ಗಡಿಯಾರ ನೋಡಕೋತ ನಿಲ್ಲತಾರ.

ನಮ್ಮವ್ವ ಬೆಟಗೇರಿಯೊಳಗ ಕಾಯಿಪಲ್ಲೆ ಮಾರತಿದ್ಲು.
ಆಕಿ ಗೋಣಿತಟ್ಟಿನ ಮೂಲ್ಯಾಗ ಕುಂತು ಕಲತದ್ದು ನಾ ಈ ವಿದ್ಯಾ.
'ಕೊಸರು ಹಾಕಬೇ' ಅಂದವರಿಗೆ ಎರಡ ಎಸಳು ಕರಿಬೇವು,
ಸುಮ್ಮ ನಿಂತವರಿಗೆ ಮುಷ್ಟಿ ತುಂಬ ಕೊತಂಬರಿ.
'ಕೇಳಿ ತಗೊಂಡದ್ದು ಚೌಕಾಶಿ, ಕೇಳದ ಸಿಕ್ಕದ್ದು ಕೊಸರು.
ಅದನ್ನ ಓಣಿ ತುಂಬ ಹೇಳಕೋತ ಅಡ್ಡಾಡತಾರ,
ಮುಂದಿನ ಸಂತಿಗೆ ನಿನ್ನ ಮುಂದ ಬಂದ ನಿಲ್ಲತಾರ.'
ಹಿಂಗ ಕೊಟ್ರ ಲುಕ್ಸಾನ ಆಗಂಗಿಲ್ಲೇನಬೇ, ಅಂದೆ ಒಂದಿನ.
ಅವ್ವ ತಕ್ಕಡಿ ತಟ್ಟಿ ಎತ್ತಿ
ಕೆಳಗ ಅಂಟಿಸಿದ ಹುಣಸಿಹಣ್ಣು ತೋರಿಸಿದ್ಲು.
ತೋರಿಸಿ, ಸೆರಗ ಸರಿ ಮಾಡಿಕೊಂಡ್ಲು.

ಇಲ್ಲಿ ತಕ್ಕಡಿ ಇಲ್ಲ.
ಮುಂಜಾನೆ ಒಂದು ರೇಟು, ರಾತ್ರಿಗೊಂದು.
ಹುಣಸಿಹಣ್ಣು ಎಲ್ಲಿ ಅಂಟೇತಿ, ನನಗೂ ಕಾಣಂಗಿಲ್ಲ.

ಮೊನ್ನೆ ಹನ್ನೊಂದು ಹೊಡದ ಮ್ಯಾಲ ಬಂದ ಸವಣೂರಿನ ಮೌಲಾಸಾಬ ಎಲಿಗಾರ.
ಮದುವಿ ಸೀಸನ್ನು, ಲಾಡ್ಜೆಲ್ಲಾ ಭರ್ತಿ, ಕಡೀ ಬಸ್ಸೂ ಹೋಗಿತ್ತು.
ಬಗಲಾಗ ಒದ್ದಿ ಗೋಣಿ ಗಂಟು,
ನೆಲದ ಮ್ಯಾಲ ಹನಿ ಬಿದ್ರ ಕಾಲಿಂದ ಒರಸತಿದ್ದ.
ಏನೂ ಕೇಳಲಿಲ್ಲ. ನೋಟು ಎರಡ ಸಲ ಎಣಿಸಿ ಕೊಟ್ಟ.
ನಾನೂ ಏನೂ ಹೇಳದ ಐದನೇ ಮಾಳಿಗಿ ಕೆರಿ ಖೋಲಿ ಕೊಟ್ಟೆ.

ಐದು ನಿಮಿಷಕ್ಕ ಕೆಳಗ ಇಳದು ಬಂದ,
ಗಂಟೂ ಸಹಿತ.
'ತಂಗಿ, ಯಾರದೋ ಖೋಲಿ ಕೊಟ್ಟೀರಿ. ಅಲ್ಲಿ ಹಣ್ಣಿನ ಬುಟ್ಟಿ ಐತಿ.'
ನಿಮ್ಮದ ರೀ.
'ಅದಕ್ಕೆಷ್ಟು?'
ಏನಿಲ್ಲರಿ.
'ಏನಿಲ್ಲಂದ್ರ ಹೆಂಗ?'
ಕೊಸರು, ಅಂದೆ.
ಮೀಸಿಯೊಳಗ ನಕ್ಕ.
'ಹಂಗ ಹೇಳು ಮತ್ತ', ಲಿಫ್ಟ್ ಬಿಟ್ಟು ಮೆಟ್ಟಲಾ ಹತ್ತಿದ.

ಮುಂಜಾನೆ ನೀರಿನ ಬಾಟ್ಲಿ ಎಂಬತ್ತು ರೂಪಾಯಿ ನೋಡಿ
ಹತ್ತು ನಿಮಿಷ ಜಗಳ. ತಗದ ಹಾಕಿದೆ.
ಆಮ್ಯಾಲ ಗೋಣಿ ಬಿಚ್ಚಿ, ನೂರೆಲಿ ಕಟ್ಟೊಂದು
ಕರೆ ಗ್ರಾನೈಟಿನ ಮ್ಯಾಲ ಇಟ್ಟ.
ಬಾಗಲದ ತನಕ ಹೋದಾಂವ ತಿರುಗಿ ಬಂದು
ಅದರ ಮ್ಯಾಲ ಐದು ಎಲಿ ಬ್ಯಾರೆ ಇಟ್ಟ, ಹೋದ.

ಡ್ಯೂಟಿ ಮುಗಿಸಿ ಮನಿಗೆ ಒಯ್ದೆ.
ಅವ್ವಗ ಈಗ ಮೊಣಕಾಲು ಹಿಡದಾವು, ಸಂತಿ ಬಿಟ್ಟಾಳ.
ಬೆರಳು ಬಿಟ್ಟಿಲ್ಲ.
ಕಟ್ಟು ಬಿಚ್ಚಿ, ಒಂದೊಂದ ಒರಸಿ, ತೊಟ್ಟು ಚಿವುಟಿ ಎಣಿಸಿದ್ಲು.
ಕೊಸರಿನವು ಐದೂ ಸೇರಿ
ನೂರು.

ಎಲಿ ಬೆನ್ನಿಗೆ ಸುಣ್ಣಾ ಸವರಕೋತ
'ಛಲೋ ಮನಶ್ಯಾ' ಅಂದ್ಲು.